ವಾಸನೆ ಇಲ್ಲದ ನೀರುಳ್ಳಿ

ನಾನು ಮೊದಲಿನಿಂದಲೂ ಹೆದರುವ ಸ್ವಭಾವದವಳು. ಬೆಳಿಗ್ಗೆ ಬಸ್ರೂರಿನ ಮನೆಯಿಂದ ಹೊರಟು ಬಸ್ಸಿನಲ್ಲಿ ಕೂತ ಮೇಲೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮನೆಗೆ ಫೋನ್ ಮಾಡುವವಳು. ಇಂಥವಳು ಇಷ್ಟು ವರ್ಷ ಸಣ್ಣ ಮಕ್ಕಳ ನಡುವೆ ಹೇಗೆ ಕೆಲಸ ಮಾಡಿದಳೋ ಎಂದು ನನ್ನ ಗಂಡ ತಮಾಷೆ ಮಾಡುವುದುಂಟು. ಆದರೆ ಆ ದಿನದ ಹೆದರಿಕೆಯ ಬಗ್ಗೆ ಅವರೂ ತಮಾಷೆ ಮಾಡುವುದಿಲ್ಲ.

ನಾವುಂದದ ಹತ್ತಿರ, ಹೆದ್ದಾರಿಯಿಂದ ಸಮುದ್ರದ ಕಡೆಗೆ ಇಳಿಯುವ ದಾರಿಯಲ್ಲಿ ನಮ್ಮ ಶಾಲೆ ಇದೆ. ಐದನೇ ತರಗತಿಯವರೆಗೆ ಮಾತ್ರ. ಇಬ್ಬರೇ ಟೀಚರುಗಳು, ಮುಖ್ಯೋಪಾಧ್ಯಾಯಿನಿ ಮತ್ತು ನಾನು. ಹೆಚ್ಚಿನ ಮಕ್ಕಳು ಮೀನುಗಾರರ ಮನೆಯವರು. ಅಪ್ಪಂದಿರು ಬೋಟಿನಲ್ಲಿ, ಅಮ್ಮಂದಿರು ಮೀನಿನ ಬುಟ್ಟಿ ಹೊತ್ತು ಅಥವಾ ರಿಕ್ಷಾದಲ್ಲಿಟ್ಟುಕೊಂಡು ಊರೂರಿಗೆ. ಒಬ್ಬಳು ಮಾತ್ರ ಬೇರೆ. ಶಾಲೆಯ ಹತ್ತಿರದ ಶಿವ ದೇವಸ್ಥಾನಕ್ಕೆ ಸಾಲಿಗ್ರಾಮದ ಕಡೆಯಿಂದ ಬಂದು ಸೇರಿದ್ದ ಅರ್ಚಕರ ಮಗಳು. ಮೂರನೇ ತರಗತಿ. ಮಾತು ಕಡಿಮೆ, ಕಣ್ಣು ಜಾಸ್ತಿ. ಬಿಸಿಯೂಟದ ಸಾಂಬಾರಿಗೆ ನೀರುಳ್ಳಿ ಬೀಳುತ್ತದೆಂದು ಅವಳ ಮಧ್ಯಾಹ್ನದ ಊಟ ಮನೆಯಿಂದಲೇ ಬರುತ್ತಿತ್ತು. ಉಳಿದವರೆಲ್ಲ ಸಾಲಾಗಿ ಬಟ್ಟಲು ಹಿಡಿದು ಕೂತಾಗ ಅವಳು ಜಗಲಿಯ ಕೊನೆಯಲ್ಲಿ ತನ್ನ ಡಬ್ಬಿ ಬಿಚ್ಚಿ ತಿನ್ನುತ್ತಿದ್ದಳು. ಯಾರೂ ಅವಳನ್ನು ದೂರ ಇಟ್ಟದ್ದಲ್ಲ. ಅದು ಹಾಗೇ ನಡೆದುಕೊಂಡು ಬಂದಿತ್ತು.

ಪಾಠ ಹುಟ್ಟಿಕೊಂಡದ್ದು ಒಂದು ತಮಾಷೆಯಿಂದ. ನೀರುಳ್ಳಿ ಎಲ್ಲಿ ಬೆಳೆಯುತ್ತದೆ ಎಂದು ಕೇಳಿದಾಗ ಒಬ್ಬ "ಮರದಲ್" ಎಂದ, ಇನ್ನೊಬ್ಬಳು "ಹುಬ್ಬಳ್ಳಿ ಲಾರಿಯಲ್" ಎಂದಳು. ಮೀನಿನ ಹೆಸರು ಹೇಳು ಎಂದರೆ ಉಸಿರು ಬಿಡದೆ ಹೇಳುವ ಮಕ್ಕಳು ದಿನಾ ಊಟದಲ್ಲಿ ಸಿಗುವ ನೀರುಳ್ಳಿಯ ಗಿಡವನ್ನು ಕಂಡವರಲ್ಲ. ಕಾಣುವುದಾದರೂ ಎಲ್ಲಿ? ನಮ್ಮ ಈ ಮರಳಿನಲ್ಲಿ, ಈ ಮಳೆಯಲ್ಲಿ ಅದನ್ನು ಬೆಳೆಯುವವರು ಯಾರೂ ಇಲ್ಲ. ಹಾಗಾಗಿ ಒಂದು ದಿನ ನೀರುಳ್ಳಿ, ಬೆಳ್ಳುಳ್ಳಿ, ಅವುಗಳ ನೆಂಟರು ಇಷ್ಟನ್ನೇ ಇಟ್ಟುಕೊಂಡು ಮೂರನೇ ಮತ್ತು ನಾಲ್ಕನೇ ತರಗತಿಯವರಿಗೆ ಪಾಠ ಮಾಡುವುದೆಂದು ನಿಶ್ಚಯಿಸಿದೆ. ಮನೆಯ ಅಡುಗೆಕೋಣೆಯಲ್ಲಿ ಏನು ಸಿಗುತ್ತದೋ ಅದನ್ನು ಒಂದೊಂದು ತನ್ನಿ ಎಂದು ಹೇಳಿದೆ.

ಆ ಹಿಂದಿನ ದಿನ ಸಂಜೆ ಮಗಳನ್ನು ಕರೆದುಕೊಂಡು ಹೋಗಲು ಬಂದ ಅರ್ಚಕರ ಹೆಂಡತಿ ಗೇಟಿನ ಹತ್ತಿರ ನಿಂತರು. ಹೇಳಲೋ ಬೇಡವೋ ಎನ್ನುವ ಮುಖ.

"ಟೀಚರೆ, ನಾಳೆ ನೀರುಳ್ಳಿ ತಕಂಡ್ ಬಪ್ಪುಕ್ ಹೇಳಿರ್ಯಂಬ್ರಲೆ. ನಮ್ಮಲ್ ಅದೆಲ್ಲ ಇಲ್ಲೆ ಕಾಣಿ. ಇವ್ರ್ ಪೂಜಿ ಮಾಡುವವ್ರ್. ಇದ್ ಮುಟ್ಟಿ, ಮತ್ತೆ ಮನಿಗ್ ಬಂದ್ರೆ…"

"ಇಲ್ಲ ಅಮ್ಮ, ಅವ್ಳ್ ತಕಂಡ್ ಬಪ್ಪುದ್ ಬ್ಯಾಡ. ಮುಟ್ಟುದೂ ಬ್ಯಾಡ," ಎಂದೆ.

"ಬೇಜಾರ್ ಮಾಡ್ಕಣ್ಬೇಡಿ, ಆಯ್ತಾ?"

ನನಗೆ ಬೇಜಾರೇನೂ ಆಗಲಿಲ್ಲ. ಅವರ ಮನೆಯ ಕ್ರಮ ಅವರದು. ಮಗುವಿಗೆ ಕಷ್ಟವಾಗದ ಹಾಗೆ ನೋಡಿಕೊಂಡರೆ ಸಾಕು ಎಂದುಕೊಂಡೆ. ಮರುದಿನ ಅವಳಿಗೆ ಒಂದು ಹಾಳೆ, ಬಣ್ಣದ ಕಡ್ಡಿಗಳನ್ನು ಕೊಟ್ಟು, ಜಗಲಿಯಲ್ಲಿ ಕೂತು ಎದುರಿನ ದಾಸವಾಳದ ಗಿಡವನ್ನು ನೋಡಿ ಎಲೆಯ ಚಿತ್ರ ಬರೆಯಲು ಹೇಳಿದೆ. ಅವಳು ತಲೆಯಾಡಿಸಿ ಕಿಟಕಿಯ ಕೆಳಗೆ ಕೂತಳು. ಮುಖ್ಯೋಪಾಧ್ಯಾಯಿನಿ ಮೀಟಿಂಗಿಗೆಂದು ಬೈಂದೂರಿಗೆ ಹೋಗಿದ್ದರು. ಇಡೀ ಶಾಲೆಗೆ ಆ ದಿನ ನಾನೊಬ್ಬಳು, ಮತ್ತೆ ಬಿಸಿಯೂಟದ ಅಡುಗೆಯವರು.

ಪಾಠ ಮಾತ್ರ ಬಹಳ ಚೆಂದವಾಯಿತು. ಮೇಜಿನ ಮೇಲೆ ಕೆಂಪು ನೀರುಳ್ಳಿ, ಬಿಳಿ ನೀರುಳ್ಳಿ, ಸಾಂಬಾರಿಗೆ ಹಾಕುವ ಸಣ್ಣ ನೀರುಳ್ಳಿ, ಬೆಳ್ಳುಳ್ಳಿಯ ಗಡ್ಡೆಗಳು. ಕುಂದಾಪುರದ ಮಾರ್ಕೆಟಿನಿಂದ ನಾನೇ ಒಂದು ಕಟ್ಟು ಎಳೆ ನೀರುಳ್ಳಿ ಸೊಪ್ಪು ತಂದಿದ್ದೆ. ಅದರ ಹಸಿರು ಎಲೆ ಒಳಗೆ ಪೊಳ್ಳು ಎಂದು ಗೊತ್ತಾದಾಗ ಮಕ್ಕಳು ಅದನ್ನೇ ಪೀಪಿ ಮಾಡಿ ಊದಿದರು. ನೀರುಳ್ಳಿಯನ್ನು ಅಡ್ಡಕ್ಕೆ ಕೊಯ್ದು ಬಳೆ ಬಳೆಯಾಗಿ ಬಿಡಿಸಿ ತೋರಿಸಿದೆ. ನಾವು ಗಡ್ಡೆ ಅನ್ನುವುದು ನಿಜಕ್ಕೂ ದಪ್ಪವಾದ ಎಲೆಗಳ ಬುಡ, ಮುಂದಿನ ಸಲ ಚಿಗುರಲು ಗಿಡ ಕೂಡಿಟ್ಟುಕೊಂಡ ಊಟ ಎಂದೆ. ಬೆಳ್ಳುಳ್ಳಿಯ ಎಸಳು ಬಿಡಿಸಿದರೆ ಒಂದೊಂದು ಎಸಳೂ ಒಂದೊಂದು ಗಿಡವಾಗುತ್ತದೆ ಎಂದೆ. ಎಲ್ಲರ ಕಣ್ಣಲ್ಲೂ ನೀರು. ಅಳುತ್ತ ನಗುತ್ತ ಒಬ್ಬರನ್ನೊಬ್ಬರು ದೂಡಿದರು. ಕಣ್ಣು ಮುಚ್ಚಿ ಮೂಸಿ ಹೆಸರು ಹೇಳುವ ಆಟವಾಡಿಸಿದೆ. "ಈ ಮನೆತನದವರಿಗೆಲ್ಲ ಒಂದು ಗುರುತು ಉಂಟು. ಎಲೆ ಜಜ್ಜಿದರೂ, ಗಡ್ಡೆ ಕೊಯ್ದರೂ ಈ ವಾಸನೆ ಬಂದೇ ಬರ್ತದೆ," ಎಂದೆ.

ಆಗಲೇ ನಾಲ್ಕನೇ ತರಗತಿಯ ಒಬ್ಬ ಹುಡುಗ ತನ್ನ ಚೀಲದಿಂದ ದೊಡ್ಡ ಬಿಳಿ ಗಡ್ಡೆಯೊಂದನ್ನು ಹೊರಗೆ ತೆಗೆದ. ತ್ರಾಸಿಯ ಅಜ್ಜಿಮನೆಯ ಹಿಂದೆ, ಗಾಳಿಮರದ ತೋಪಿನ ಮರಳಿನಲ್ಲಿ ಅಗೆದು ತಂದದ್ದಂತೆ.

"ಟೀಚರೆ, ಎಲ್ಲರ್ದ್ದಕ್ಕಿಂತ ನನ್ ನೀರುಳ್ಳಿಯೇ ದೊಡ್ದ್!"

ನೋಡಿದ ಕೂಡಲೇ ಗೊತ್ತಾಯಿತು. ಕಾಡುನೀರುಳ್ಳಿ. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಕಾಲಿನ ಆಣಿಗೆ ಅದನ್ನು ಸುಟ್ಟು ಕಟ್ಟುತ್ತಿದ್ದರು. ಮುಟ್ಟಿದ ಕೈಯನ್ನು ತೊಳೆಯದೆ ಕಣ್ಣಿಗೆ ತಾಗಿಸಬಾರದು, ಬಾಯಿಗಂತೂ ಹಾಕಲೇಬಾರದು ಎಂದು ಕೇಳಿ ಬೆಳೆದವಳು ನಾನು. ಹುಡುಗನ ಕೈ ತೊಳೆಸಿದೆ. ಆಮೇಲೆ, ಸಿಕ್ಕಿದ ಅವಕಾಶ ಬಿಡುವುದೇಕೆಂದು, ಒಂದು ಕಾಗದದಲ್ಲಿ ಹಿಡಿದುಕೊಂಡು ಅದರ ಹೊರಗಿನ ಪದರ ಸುಲಿದು, ತಾಗದ ಹಾಗೆ ಎಲ್ಲರ ಮೂಗಿನ ಹತ್ತಿರ ಹಿಡಿದೆ.

"ವಾಸನೆ ಉಂಟಾ?"

"ಇಲ್ಲೆ! ವಾಸ್ನಿ ಇಲ್ಲೆ!" ಎಂದು ಇಡೀ ತರಗತಿ ಕೂಗಿತು. ಆ ಕೂಗು ಗೇಟಿನವರೆಗೂ ಕೇಳಿರಬೇಕು.

"ಹಾಗಾದರೆ ಇದು ನೀರುಳ್ಳಿಯ ಮನೆಯವರಾ?"

"ಅಲ್ಲ!"

ಮುಂದಿನ ಮಾತನ್ನು ನಾನು ದನಿ ತಗ್ಗಿಸಿ ಹೇಳಿದೆ. ಮಕ್ಕಳಿಗೆ ಹೆದರಿಕೆ ಹುಟ್ಟಬೇಕಾದ ಸಂಗತಿಯನ್ನು ನಾನು ಯಾವಾಗಲೂ ಹತ್ತಿರ ಕರೆದು ಮೆಲ್ಲಗೆ ಹೇಳುತ್ತೇನೆ. ಗದರಿಸುವುದಕ್ಕಿಂತ ಅದು ಚೆನ್ನಾಗಿ ನಾಟುತ್ತದೆ. "ಇದು ವಿಷ. ನೋಡಲಿಕ್ಕೆ ಹಾಗೇ ಉಂಟು, ಆದರೆ ಬಾಯಿಗೆ ಹಾಕಿದರೆ ಆಸ್ಪತ್ರೆಗೆ ಹೋಗಬೇಕಾದೀತು," ಎಂದೆ. ಗಡ್ಡೆಯನ್ನು ಕಾಗದದಲ್ಲಿ ಸುತ್ತಿ, ಮುಖ್ಯೋಪಾಧ್ಯಾಯಿನಿ ಬಂದ ಮೇಲೆ ಅವರಿಗೂ ತೋರಿಸೋಣವೆಂದು ಕಿಟಕಿಯ ದಂಡೆಯ ಮೇಲಿಟ್ಟೆ. ಅಷ್ಟರಲ್ಲಿ ಊಟದ ಗಂಟೆಯಾಯಿತು.

ಊಟ ಮುಗಿಸಿ ಮಕ್ಕಳು ಅಂಗಳದಲ್ಲಿ ಆಡುತ್ತಿದ್ದರು. ನಾನು ಮೇಜು ಒರೆಸಲು ಒಳಗೆ ಬಂದೆ. ಕಿಟಕಿಯ ದಂಡೆಯ ಮೇಲೆ ಕಾಗದ ಬಿಚ್ಚಿಕೊಂಡಿತ್ತು. ಗಾಳಿಗೆ ಬಿಚ್ಚಿತೇನೋ ಎಂದು ಹತ್ತಿರ ಹೋದೆ. ಗಡ್ಡೆಯ ಒಂದು ಬದಿ ಹರಿದಿತ್ತು. ದಪ್ಪನೆಯ ಒಂದು ಪದರ ಅರ್ಧಕ್ಕೆ ಕಿತ್ತುಹೋಗಿ, ಉಳಿದ ಅರ್ಧದಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತು.

ಅಂಗಳದಲ್ಲಿ ಮಕ್ಕಳ ಗಲಾಟೆ ಕೇಳುತ್ತಿತ್ತು. ಓಡುವವರು, ನಗುವವರು, ನೀರಿಗೆ ಜಗಳವಾಡುವವರು. ಅವರಲ್ಲಿ ಒಬ್ಬರ ಹೊಟ್ಟೆಯಲ್ಲಿ ಅದು ಇದೆ. ಯಾರ ಹೊಟ್ಟೆಯಲ್ಲಿ?

ಗಂಟೆ ಬಾರಿಸಿ ಎಲ್ಲರನ್ನೂ ಒಳಗೆ ಕರೆದೆ.

"ಇದನ್ನು ಯಾರು ಕಚ್ಚಿದ್ದು? ನಾನು ಬೈಯುವುದಿಲ್ಲ. ಹೊಡೆಯುವುದಿಲ್ಲ. ಯಾರು, ಹೇಳಿ ಮಕ್ಕಳೇ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಬೈಯುವುದಿಲ್ಲ ಎಂದು ಟೀಚರು ಹೇಳಿದರೆ ಬೈಗುಳ ಖಂಡಿತ ಎಂದು ಮಕ್ಕಳಿಗೆ ಗೊತ್ತು. ಗಡ್ಡೆ ತಂದ ಹುಡುಗ ಅಳಲು ಶುರುಮಾಡಿದ. "ನಾನಲ್ಲ ಟೀಚರೆ, ನಾ ತಿನ್ಲಿಲ್ಲೆ, ದೇವ್ರಾಣಿ."

ಒಬ್ಬೊಬ್ಬರನ್ನೇ ಬೆಳಕಿಗೆ ಕರೆದು ಬಾಯಿ ತೆರೆಸಿ ನೋಡಿದೆ. ತುಟಿ ಕೆಂಪಾಗಿದೆಯೇ, ನಾಲಿಗೆ ಬಾತಿದೆಯೇ, ಕೈ ತುರಿಸುತ್ತಿದೆಯೇ. ಬೆಳಿಗ್ಗೆ ಪಾಠದ ನಡುವೆ ಹಸಿ ನೀರುಳ್ಳಿಯ ಚೂರು ತಿಂದಿದ್ದವರ ಬಾಯಿಯೆಲ್ಲ ಘಮ್ಮೆಂದು ಅದೇ ವಾಸನೆ. ಒಂದನೇ, ಎರಡನೇ ತರಗತಿಯ ಪುಟ್ಟವರನ್ನೂ ಬಿಡಲಿಲ್ಲ. ಅವರು ಇದೂ ಒಂದು ಆಟವೆಂದು ತಿಳಿದು ನಾಲಿಗೆ ಚಾಚಿ ನಗುತ್ತಿದ್ದರು. ಗಡಿಯಾರ ನೋಡಲು ಹೆದರಿಕೆ. ಊಟಕ್ಕೆ ಮೊದಲು ತಿಂದದ್ದೋ, ನಂತರ ತಿಂದದ್ದೋ? ನುಂಗಿದ್ದೋ, ಉಗಿದದ್ದೋ? ತಿಂದ ಮಗು ಹೆದರಿ ಸುಮ್ಮನೆ ಮನೆಗೆ ಹೋದರೆ, ಸಂಜೆ ಮನೆಯಲ್ಲಿ ಯಾರೂ ಇಲ್ಲದಾಗ ಏನಾದರೂ ಆದರೆ?

ಅಡುಗೆಯವರು ಬಾಗಿಲಲ್ಲಿ ನಿಂತು ಸೆರಗು ಹಿಸುಕುತ್ತಿದ್ದರು. "ಟೀಚರೆ, ನನ್ ಅನ್ನ ಸಾಂಬಾರಲ್ ಎಂತದೂ ಇಲ್ಲೆ. ಮತ್ತೆ ನನ್ ಮೇಲ್ ಬಪ್ಪುದ್ ಬ್ಯಾಡ."

"ನಿಮ್ ಸುದ್ದಿ ಅಲ್ಲ ಅಕ್ಕ. ಎಲ್ಲ ಮಕ್ಳೂ ಒಳಗಿದ್ವಾ, ಒಂದ್ ಸಲ ಕಾಣಿ."

ಅವರು ಕಣ್ಣಾಡಿಸಿ ಹೇಳಿದರು. "ಭಟ್ರ ಮಗ್ಳಿಲ್ಲೆ ಅಲ್ದಾ?"

ನಿಜ ಹೇಳಬೇಕೆಂದರೆ, ಅಷ್ಟು ಹೊತ್ತು ಅವಳ ನೆನಪೇ ನನಗೆ ಬಂದಿರಲಿಲ್ಲ. ಪಾಠದಲ್ಲಿ ಇಲ್ಲದವಳು, ನೀರುಳ್ಳಿಯನ್ನು ಮುಟ್ಟದವಳು. ಅವಳಿಗೂ ಇದಕ್ಕೂ ಏನು ಸಂಬಂಧ ಎಂದು ಮನಸ್ಸು ತಾನಾಗಿಯೇ ಅವಳನ್ನು ಬಿಟ್ಟುಬಿಟ್ಟಿತ್ತು. ಹೊರಗೆ ಓಡಿದೆ. ಜಗಲಿಯಲ್ಲಿ ಎಲೆಯ ಚಿತ್ರ ಅರ್ಧಕ್ಕೆ ನಿಂತಿತ್ತು. ಊಟದ ಡಬ್ಬಿ ತುಂಬಿದ್ದು ತುಂಬಿದ ಹಾಗೇ ಇತ್ತು.

ನಲ್ಲಿಯ ಹಿಂದೆ, ಗೋಡೆಗೆ ಒರಗಿ ಕೂತಿದ್ದಳು. ಎದುರಿಗೆ ವಾಂತಿ. ತುಟಿಯ ಸುತ್ತ ಕೆಂಪು. ಎರಡೂ ಕೈಗಳನ್ನು ಲಂಗಕ್ಕೆ ಉಜ್ಜಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಲ್ಲಲು ನೋಡಿದಳು, ಆಗಲಿಲ್ಲ.

"ಎಂತ ತಿಂದೆ ಮಗಾ?"

ತಲೆ ತಗ್ಗಿಸಿದಳು.

"ಕಿಟಕಿ ಮೇಲಿದ್ದದ್ದಾ?"

ತಲೆಯಾಡಿಸಿದಳು.

ಅವಳ ಬಾಯಿ ತೊಳೆಸಿ, ಕೈಗೆ ಸಾಬೂನು ಹಾಕಿ ತೊಳೆದೆ. ಅವಸರದಲ್ಲಿ ನೀರೆಲ್ಲ ಅವಳ ಅಂಗಿಯ ಮೇಲೆ ಚೆಲ್ಲಿತು. ಅಡುಗೆಯವರು ರಸ್ತೆಗೆ ಓಡಿ, "ಹ್ವಾಯ್, ರಿಕ್ಷಾ! ಹ್ವಾಯ್!" ಎಂದು ಕೂಗಿ ಮೀನು ಇಳಿಸಿ ಬರುತ್ತಿದ್ದ ಆಟೋ ಒಂದನ್ನು ನಿಲ್ಲಿಸಿದರು. ಮಕ್ಕಳನ್ನು ಅವರ ಸುಪರ್ದಿಗೆ ಬಿಟ್ಟು, ಗಡ್ಡೆಯನ್ನು ಕಾಗದದ ಸಮೇತ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಹಿಡಿದುಕೊಂಡು ಕುಂದಾಪುರಕ್ಕೆ ಹೊರಟೆ. ಡಾಕ್ಟರಿಗೆ ತೋರಿಸಬೇಕಾದೀತು ಎಂಬ ಬುದ್ಧಿ ಆ ಗಡಿಬಿಡಿಯಲ್ಲೂ ಹೇಗೆ ಬಂತೋ ಗೊತ್ತಿಲ್ಲ.

ಮರವಂತೆಯ ಹತ್ತಿರ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ದಿನಾ ನೋಡುವ ದಾರಿ. ಆ ದಿನ ಅದು ಮುಗಿಯುವುದೇ ಇಲ್ಲ ಅನ್ನಿಸಿತು. ಫೋಟೋ ತೆಗೆಯಲು ಪ್ರವಾಸಿಗಳು ನಿಲ್ಲಿಸಿದ್ದ ಕಾರುಗಳ ಸಾಲನ್ನು ದಾಟಲು ರಿಕ್ಷಾದವ ಹಾರ್ನ್ ಒತ್ತಿ ಹಿಡಿದಿದ್ದ. ಹುಡುಗಿ ನನ್ನ ತೊಡೆಯ ಮೇಲೆ ತಲೆಯಿಟ್ಟಿದ್ದಳು. ತ್ರಾಸಿ ದಾಟುವಾಗ ಮತ್ತೊಮ್ಮೆ ವಾಂತಿ ಮಾಡಿದಳು. ನಾನು ಅವಳ ಮಣಿಕಟ್ಟಿನ ಮೇಲೆ ಬೆರಳಿಟ್ಟು ನಾಡಿ ಹುಡುಕುತ್ತಿದ್ದೆ. ಸಿಕ್ಕಿದ ಹಾಗಾಗುತ್ತಿತ್ತು, ಮತ್ತೆ ತಪ್ಪಿಹೋಗುತ್ತಿತ್ತು. ರಿಕ್ಷಾದ ಅದುರಿಗೆ ಹಾಗೋ, ನಿಜವಾಗಿಯೂ ಹಾಗೋ, ತಿಳಿಯದು.

ಅವಳ ಅಪ್ಪನಿಗೆ ಫೋನ್ ಮಾಡಿದೆ. ದೇವಸ್ಥಾನದಲ್ಲಿರುವಾಗ ಅವರು ಫೋನ್ ಎತ್ತುವುದಿಲ್ಲ. ಅಮ್ಮನ ನಂಬರಿಗೆ ಮಾಡಿದೆ. "ಮಗಳಿಗೆ ಸ್ವಲ್ಪ ಹುಷಾರಿಲ್ಲ, ಕುಂದಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋಗ್ತಿದ್ದೇನೆ," ಎಂದಷ್ಟೇ ಹೇಳಿದೆ. ಆ ಕಡೆಯಿಂದ ಒಂದು "ಅಯ್ಯೋ" ಕೇಳಿಸಿ ಫೋನ್ ಕಟ್ಟಾಯಿತು.

ಹುಡುಗಿ ಕಣ್ಣು ತೆರೆದಳು. "ಅಪ್ಪಯ್ಯಂಗ್ ಹೇಳ್ಬೇಡಿ ಟೀಚರೆ."

"ಇಲ್ಲ ಮಗಾ. ನೀನ್ ಸುಮ್ನೆ ಮನಿಕೊ."

"ನಾನ್ ನೀರುಳ್ಳಿ ತಿನ್ಕ್ ಅಂದೇಳಿ ಅಲ್ಲ. ಒಂದ್ಚೂರ್ ರುಚಿ ಕಾಂಬ ಅಂತ. ಒಳ್ಗ್ ಎಲ್ಲರೂ ನಗ್ತಿದ್ರ್."

ಮೇಜಿನ ಮೇಲೆ ಅಷ್ಟು ನೀರುಳ್ಳಿ ಇದ್ದಿತಲ್ಲ, ಅದರಲ್ಲೊಂದು ತುಂಡು ತೆಗೆದುಕೊಂಡಿದ್ದರೆ ಏನೂ ಆಗುತ್ತಿರಲಿಲ್ಲವಲ್ಲ ಎಂದು ಮನಸ್ಸು ಒದ್ದಾಡಿತು. ಕೇಳಿಯೇಬಿಟ್ಟೆ. "ಮತ್ತೆ ಅದನ್ನೇ ಯಾಕ್ ತಕಂಡೆ?"

"ಅದ್ಕೆ ವಾಸ್ನಿ ಇಲ್ಲೆ ಅಂದ್ರಲ್ದಾ. ಬಾಯಲ್ ವಾಸ್ನಿ ಬಪ್ಪುದಿಲ್ಲೆ, ಅಮ್ಮಂಗ್ ಗೊತ್ತಾತಿಲ್ಲೆ ಅಂದೇಳಿ…"

ಅಷ್ಟು ಹೇಳಿ ಮತ್ತೆ ಕಣ್ಣು ಮುಚ್ಚಿದಳು. ಆಗ ನನಗೆ ಎಲ್ಲವೂ ಒಂದೇ ಸಲ ಕಂಡಿತು. ಕಿಟಕಿಯ ಕೆಳಗೆ ಕೂತಿದ್ದವಳಿಗೆ ಇಡೀ ತರಗತಿ ಕೂಗಿದ "ವಾಸ್ನಿ ಇಲ್ಲೆ" ಕೇಳಿಸಿತ್ತು. ನಾನು ಮೆಲ್ಲಗೆ ಹೇಳಿದ "ವಿಷ" ಕೇಳಿಸಿರಲಿಲ್ಲ. ಮನೆಯವರಿಗೆ ನೋವಾಗಬಾರದೆಂದು ನಾನೇ ಅವಳನ್ನು ಹೊರಗೆ ಕೂರಿಸಿದ್ದೆ. ಎಚ್ಚರಿಕೆಯ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ಹೊರಗೆ ಹೋಗಿ ಅವಳನ್ನು ಮುಟ್ಟಿತ್ತು.

ಹೆಮ್ಮಾಡಿ ದಾಟುವಷ್ಟರಲ್ಲಿ ನನ್ನ ಫೋನು ಒಂದೇ ಸಮನೆ ಗುಂಯ್‌ಗುಡತೊಡಗಿತು. ಪೋಷಕರ ವಾಟ್ಸಾಪ್ ಗುಂಪು. ಯಾರೋ ರಿಕ್ಷಾ ಹೋದದ್ದನ್ನು ಕಂಡು ಬರೆದಿದ್ದರು, ಶಾಲೆಯ ಊಟ ತಿಂದು ಮಕ್ಕಳಿಗೆ ವಾಂತಿಯಂತೆ ಎಂದು. ಅದಕ್ಕೆ ಇನ್ನೊಬ್ಬರು, ಸುಮಾರು ಮಕ್ಕಳಂತೆ ಎಂದು ಸೇರಿಸಿದ್ದರು. ಒಬ್ಬ ತಾಯಿ ಅಳುತ್ತಲೇ ಕಳಿಸಿದ ದನಿ. "ಟೀಚರೆ, ನನ್ ಮಗ ಹ್ಯಾಂಗಿದ್ದ? ನಾ ಇಲ್ಲ್ ಗಂಗೊಳ್ಳಿಯಲ್ ಇದ್ದೆ, ಈಗ್ಳೇ ಬತ್ತೆ." ಮೀನಿನ ಬುಟ್ಟಿ ಅಲ್ಲಿಗೇ ಬಿಟ್ಟು ಅವರೆಲ್ಲ ಶಾಲೆಗೆ ಓಡುವುದು ನನ್ನ ಕಣ್ಣಿಗೆ ಕಟ್ಟಿತು. ಅಡುಗೆಯವರು ಒಬ್ಬರೇ ಬಾಗಿಲಲ್ಲಿ ನಿಂತು ಅವರಿಗೆಲ್ಲ ಉತ್ತರ ಕೊಡಬೇಕು. ಒಂದು ಕೈಯಲ್ಲಿ ಹುಡುಗಿಯನ್ನು ಹಿಡಿದು, ಇನ್ನೊಂದು ಕೈಯಲ್ಲಿ ಫೋನ್ ಬಾಯಿಗಿಟ್ಟುಕೊಂಡು ಹೇಳಿದೆ. "ಊಟದಿಂದ ಯಾರಿಗೂ ಏನೂ ಆಗ್ಲಿಲ್ಲ. ಒಂದ್ ಮಗು ಕಾಡ್ ಗಡ್ಡೆ ಕಚ್ಚಿತ್. ಉಳಿದವ್ರೆಲ್ಲ ಸಮಾ ಇದ್ರ್. ಅಡ್ಗಿ ಅಕ್ಕನ ಹತ್ರ ಗಲಾಟಿ ಮಾಡ್ಬೇಡಿ." ದನಿ ಒಡೆಯಿತು. ಹಾಗೇ ಕಳಿಸಿದೆ.

ಆಸ್ಪತ್ರೆಯಲ್ಲಿ ಒಬ್ಬರು ಚಿಕ್ಕ ವಯಸ್ಸಿನ ಡಾಕ್ಟರು. ಗಡ್ಡೆಯನ್ನು ತಿರುಗಿಸಿ ತಿರುಗಿಸಿ ನೋಡಿದರು, ಫೋನಿನಲ್ಲಿ ಫೋಟೋ ತೆಗೆದು ಯಾರಿಗೋ ಕಳಿಸಿದರು, ಮಾತಾಡಿದರು.

"ಎಷ್ಟು ನುಂಗಿದ್ದಾಳೆ?"

"ಗೊತ್ತಿಲ್ಲ."

"ಎಷ್ಟು ಹೊತ್ತಾಯಿತು?"

"ಅದೂ ಸರಿಯಾಗಿ ಗೊತ್ತಿಲ್ಲ."

ಟೀಚರ್ ಆಗಿ ನಾನು ಅಷ್ಟು ಸಲ ಗೊತ್ತಿಲ್ಲ ಎಂದದ್ದು ಅದೇ ಮೊದಲಿರಬೇಕು. ಅವರು ಹುಡುಗಿಯನ್ನೇ ಮೆಲ್ಲಗೆ ಮಾತಾಡಿಸಿದರು. ಕಹಿಯಾಗಿತ್ತಾ? ಹೂಂ. ಉಗಿದೆಯಾ? ಸ್ವಲ್ಪ. ನುಂಗಿದೆಯಾ? ಸ್ವಲ್ಪ. "ವಾಂತಿಯಾದದ್ದು ಒಳ್ಳೆಯದೇ. ಆದರೆ ಇದು ಎದೆಬಡಿತವನ್ನು ನಿಧಾನ ಮಾಡಬಹುದು. ಇವತ್ತು ಇಲ್ಲೇ ಇರಲಿ, ನೋಡ್ತಾ ಇರಬೇಕು," ಎಂದರು. ಸಣ್ಣ ಎದೆಯ ಮೇಲೆ ವೈರುಗಳನ್ನು ಅಂಟಿಸಿದರು. ಮಂಚದ ಪಕ್ಕದ ಪರದೆಯ ಮೇಲೆ ಹಸಿರು ಗೆರೆಯೊಂದು ಏಳುತ್ತ ಬೀಳುತ್ತ ಓಡತೊಡಗಿತು. ಎರಡು ಏರಿಕೆಗಳ ನಡುವೆ ಸ್ವಲ್ಪ ತಡವಾದರೂ ನಾನು ಕುರ್ಚಿಯಿಂದ ಏಳುತ್ತಿದ್ದೆ. ನರ್ಸ್ ನನ್ನ ಹೆಗಲು ಮುಟ್ಟಿ, "ಅದನ್ನ್ ಕಾಂತಾ ಕೂರ್ಬೇಡಿ, ನಿಮ್ಗೇ ಮಂಚ ಬೇಕಾತ್ತ್ ಮತ್ತೆ," ಎಂದಳು.

ಅರ್ಚಕರು ಹೆಂಡತಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದರು. ಉಟ್ಟ ಪಂಚೆಯಲ್ಲೇ ಬಂದಿದ್ದರು. ಮೇಲೊಂದು ಅಂಗಿ ಸಿಕ್ಕಿಸಿಕೊಂಡಿದ್ದರು, ಗುಂಡಿ ಹಾಕಿರಲಿಲ್ಲ, ಹಣೆಯ ಗಂಧ ಬೆವರಿಗೆ ಇಳಿದಿತ್ತು. ತಾಯಿ ಸೀದಾ ಮಂಚದ ಹತ್ತಿರ ಹೋಗಿ ಮಗಳ ಕಾಲು ಹಿಡಿದುಕೊಂಡು ನಿಂತರು. ಹುಡುಗಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಎಚ್ಚರವಿತ್ತೆಂದು ನನಗೆ ಗೊತ್ತಿತ್ತು.

"ಎಂತ ತಿಂತ್ ಟೀಚರೆ?" ಎಂದು ಅಪ್ಪ ಕೇಳಿದರು.

ಹೇಳುವುದಿಲ್ಲ ಎಂದು ರಿಕ್ಷಾದಲ್ಲಿ ಮಾತು ಕೊಟ್ಟಿದ್ದೆ. ಹೇಳದೆ ಇರುವ ಹಾಗಿರಲಿಲ್ಲ. ನಾನು ತಡವರಿಸುವುದನ್ನು ಕಂಡು ಅವರೇ ಕೇಳಿದರು.

"ನೀರುಳ್ಳಿಯಾ?"

"ನೀರುಳ್ಳಿ ಅಲ್ಲ. ನೀರುಳ್ಳಿ ಹಾಂಗೇ ಕಾಂತ್, ಕಾಡುನೀರುಳ್ಳಿ. ವಿಷದ್ದ್," ಎಂದು ನಡೆದದ್ದನ್ನೆಲ್ಲ ಹೇಳಿದೆ. ಜಗಲಿಯಲ್ಲಿ ಕೂರಿಸಿದ್ದು, ಕಿಟಕಿಯ ಮೇಲಿಟ್ಟದ್ದು, ಏನನ್ನೂ ಬಿಡಲಿಲ್ಲ. ಯಾಕೆ ಅದನ್ನೇ ಆರಿಸಿಕೊಂಡಳು ಎಂಬುದನ್ನೂ ಹೇಳಿದೆ.

ಅವರು ಗೋಡೆ ಹಿಡಿದು ಬೆಂಚಿನ ಮೇಲೆ ಕೂತರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತೋ ಏನೋ. ಕೊನೆಗೆ ನೆಲ ನೋಡುತ್ತ ಹೇಳಿದರು. "ನೀರುಳ್ಳಿಯೇ ಆಗಿದ್ರೆ ಎಷ್ಟ್ ಲಾಯ್ಕಿತ್ತ್, ಟೀಚರೆ."

ತಾಯಿ ಮಾತ್ರ ನನ್ನ ಕಡೆ ತಿರುಗಲೇ ಇಲ್ಲ. ಸಂಜೆ ಮುಖ್ಯೋಪಾಧ್ಯಾಯಿನಿ ಬೈಂದೂರಿನಿಂದ ನೇರ ಆಸ್ಪತ್ರೆಗೆ ಬಂದರು. ಅವರ ಜೊತೆಗೂ ಆಕೆ ಎರಡು ಮಾತಾಡಿದರು, ನನ್ನ ಜೊತೆ ಇಲ್ಲ. "ಹೋತೆ ಅಮ್ಮ, ಬೆಳಿಗ್ಗೆ ಬತ್ತೆ," ಎಂದು ನಾನು ಹೇಳಿದಾಗಲೂ ಬೆನ್ನು ಹಾಗೇ ಇತ್ತು. ಬಸ್ರೂರಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಕೂತಾಗ ಆ ಹಸಿರು ಗೆರೆ ನನ್ನ ಕಣ್ಣ ಮುಂದೆಯೇ ಓಡುತ್ತಿತ್ತು. ಆ ದಿನ ಗ್ಯಾಸಿನ ನೆನಪು ನನಗೆ ಬರಲಿಲ್ಲ.

ಬೆಳಿಗ್ಗೆ ಅರ್ಚಕರೇ ಫೋನ್ ಮಾಡಿದರು. ಎದೆಬಡಿತ ನಡುವೆ ಸ್ವಲ್ಪ ಇಳಿದಿತ್ತಂತೆ, ಮತ್ತೆ ಸರಿಯಾಯಿತಂತೆ, ಗಂಜಿ ಕುಡಿದಳಂತೆ. ನಾನು ಅಡುಗೆಕೋಣೆಯ ನೆಲದ ಮೇಲೆ ಕೂತುಬಿಟ್ಟೆ. ಮುಂದಿನ ದಿನ ಅವಳನ್ನು ಮನೆಗೆ ಕಳಿಸಿದರು.

ಮನೆಗೆ ಬಂದರೂ ಶಾಲೆಗೆ ಬರಲಿಲ್ಲ. ಒಂದು ವಾರ ಕಳೆಯಿತು. ಟಿ.ಸಿ. ತೆಗೆದುಕೊಂಡು ಸಾಲಿಗ್ರಾಮದ ಅಜ್ಜನ ಮನೆಯಿಂದ ಶಾಲೆಗೆ ಕಳಿಸುತ್ತಾರಂತೆ ಎಂಬ ಸುದ್ದಿ ಬಂತು. ನಿಜವೋ ಸುಳ್ಳೋ ಯಾರಿಗೂ ಗೊತ್ತಿರಲಿಲ್ಲ. ಕಿಟಕಿಯ ದಂಡೆಯ ಮೇಲೆ ನಾನು ಏನನ್ನೂ ಇಡುತ್ತಿರಲಿಲ್ಲ. ಮಕ್ಕಳು ಸುಮ್ಮನೆ ಬಾಯಿ ಆಡಿಸಿದರೂ ಏನು ತಿನ್ನುತ್ತಿದ್ದೀ ಎಂದು ಕೇಳುತ್ತಿದ್ದೆ. ಒಂದು ಮಧ್ಯಾಹ್ನ ಒಬ್ಬನ ಬಾಯಿಯಿಂದ ಪೆಪ್ಪರಮಿಂಟನ್ನೇ ಹೊರಗೆ ತೆಗೆಸಿದೆ.

ಕೊನೆಗೆ ಶಾಲೆ ಬಿಟ್ಟ ಮೇಲೆ ಒಂದು ಸಂಜೆ ಅವರ ಮನೆಗೆ ಹೋದೆ. ದೇವಸ್ಥಾನದ ಬದಿಯಲ್ಲೇ ಸಣ್ಣ ಹಂಚಿನ ಮನೆ. ಒಳಗೆ ಬನ್ನಿ ಎನ್ನುತ್ತಾರೋ ಇಲ್ಲವೋ ಎಂದು ಅಂಗಳದಲ್ಲೇ ನಿಂತೆ. ತಾಯಿ ಹೊರಗೆ ಬಂದರು, ನನ್ನನ್ನು ನೋಡಿದರು, ಒಳಗೆ ಹೋದರು. ಬಾಗಿಲು ಹಾಕಿಕೊಳ್ಳುತ್ತಾರೆ ಅಂದುಕೊಂಡೆ. ಬೆಲ್ಲದ ತುಂಡು ಮತ್ತು ಒಂದು ಚೊಂಬು ನೀರು ಹಿಡಿದು ಮತ್ತೆ ಬಂದರು.

"ಕೂತ್ಕಣಿ."

ಜಗಲಿಯಲ್ಲಿ ಕೂತೆವು. ಹುಡುಗಿ ಒಳಗೆ ಏನೋ ಓದಿಕೊಳ್ಳುತ್ತಿರುವುದು ಕೇಳಿಸುತ್ತಿತ್ತು.

"ನಿಮ್ಮಲ್ಲಿ ಮಾತಾಡ್ಲಿಲ್ಲೆ ಅಂದೇಳಿ ಬೇಜಾರ್ ಮಾಡ್ಕಣ್ಬೇಡಿ," ಎಂದರು. "ಹೊರಗ್ ಕೂರ್ಸುಕ್ ಕಾರಣ ನಾನೇ ಅಲ್ದಾ. ನಿಮ್ ಮುಖ ಕಂಡ್ರೆ ಅದೇ ನೆನಪಾತಿತ್ತ್."

ಇಷ್ಟು ದಿನ ಆಕೆಯ ಮೌನವನ್ನು ನಾನು ನನ್ನ ಮೇಲಿನ ಸಿಟ್ಟೆಂದೇ ತಿಳಿದಿದ್ದೆ. ಬೆಲ್ಲ ಬಾಯಿಗೆ ಹಾಕಿಕೊಂಡೆ.

"ಇನ್ ಮುಂದೆ ಒಳಗೇ ಕೂರ್ಸಿ," ಎಂದರು. "ತಿಂಬುದ್ ಬ್ಯಾಡ, ಅದ್ ನಮ್ಮನಿ ಕ್ರಮ. ಆರೆ ಪಾಠ ಎಲ್ಲ ಕೇಣ್ಲಿ. ಒಂದೂ ಬಿಡುದ್ ಬ್ಯಾಡ." ಆಮೇಲೆ ದನಿ ತಗ್ಗಿಸಿದರು. "ಟೀಚರೆ, ಹೀಂಗಿದ್ದ್ ಇನ್ನ್ ಎಂತೆಲ್ಲ ಇತ್ತ್ ಹೊರ್ಗ್?"

ನಾವಿಬ್ಬರೂ ಅಂಗಳಕ್ಕಿಳಿದೆವು. ಬೇಲಿಯ ಉದ್ದಕ್ಕೂ ಪೂಜೆಗೆಂದು ಬೆಳೆಸಿದ ಹೂವಿನ ಗಿಡಗಳು. ಕಣಗಿಲೆಯ ಹತ್ತಿರ ನಿಂತು, ಇದರ ಎಲೆ, ಕಡ್ಡಿ ಯಾವುದೂ ಬಾಯಿಗೆ ಹೋಗಬಾರದು ಎಂದೆ. ಹಳದಿ ಗಂಟೆಯಂಥ ಹೂವಿನ ಗಿಡವನ್ನು ತೋರಿಸಿ, ಇದರ ಕಾಯಿ ಇನ್ನೂ ಕೆಟ್ಟದ್ದು ಎಂದೆ. ಬಾವಿಯ ಬದಿಯಲ್ಲಿ ಶಿವನಿಗೆಂದೇ ಬಿಟ್ಟಿದ್ದ ಉಮ್ಮತ್ತದ ಗಿಡವಿತ್ತು. ಅದನ್ನು ನಾನು ತೋರಿಸುವ ಮೊದಲೇ ಆಕೆಗೆ ಗೊತ್ತಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ದಿನಾ ಬೆಳಿಗ್ಗೆ ಹೂಗ್ ಕೊಯ್ವುದ್ ಮಗ್ಳೇ," ಎಂದರು. "ಬುಟ್ಟಿ ಹಿಡ್ಕಂಡ್, ಬರೀ ಕೈಯಲ್ಲ್."

ಆಕೆಗೆ ಧೈರ್ಯ ಹೇಳಬೇಕಿತ್ತು. ಹೆದರಬೇಡಿ, ಹೇಳಿಕೊಟ್ಟರೆ ಮಕ್ಕಳಿಗೆ ತಿಳಿಯುತ್ತದೆ ಎಂದೆ. ಹೇಳುವಾಗ ನನ್ನ ಕಣ್ಣು ಬೇಲಿಯ ಆಚೆಯ ಗಿಡಗಳನ್ನು ಒಂದೊಂದಾಗಿ ಹುಡುಕುತ್ತಿತ್ತು. ಹೆಸರು ಗೊತ್ತಿಲ್ಲದ ಗಿಡಗಳೇ ಹೆಚ್ಚಿದ್ದವು.

ಸೋಮವಾರ ಹುಡುಗಿ ಶಾಲೆಗೆ ಬಂದಳು. ಸ್ವಲ್ಪ ಇಳಿದುಹೋಗಿದ್ದಳು. ಮಕ್ಕಳು ಸುತ್ತ ಸೇರಿ ಆಸ್ಪತ್ರೆಯ ಸುದ್ದಿ ಕೇಳಿದರು. ಗಡ್ಡೆ ತಂದಿದ್ದ ಹುಡುಗ ದೂರದಲ್ಲೇ ಸುಳಿದಾಡಿ, ಕೊನೆಗೆ ಒಂದು ಹಿಡಿ ಬಣ್ಣದ ಚಿಪ್ಪುಗಳನ್ನು ಅವಳ ಚೀಲದ ಮೇಲಿಟ್ಟು ಓಡಿಹೋದ. ಆ ಪಾಠವನ್ನು ಇನ್ನು ಎತ್ತುವುದು ಬೇಡ ಎಂದು ಮುಖ್ಯೋಪಾಧ್ಯಾಯಿನಿ ಹೇಳಿದ್ದರು. ನನಗೂ ಎತ್ತಲು ಮನಸ್ಸಿರಲಿಲ್ಲ. ಆದರೆ ಅರ್ಧ ಕೇಳಿದ ಪಾಠವೇ ಅವಳನ್ನು ಆಸ್ಪತ್ರೆಗೆ ಕಳಿಸಿತ್ತು. ಅದನ್ನು ಅರ್ಧಕ್ಕೇ ಬಿಟ್ಟರೆ ನನಗೆ ನೆಮ್ಮದಿ ಇರುವಂತಿರಲಿಲ್ಲ. ಹಾಗಾಗಿ ಎಲ್ಲರನ್ನೂ ಒಳಗೆ ಕೂರಿಸಿ ಮೊದಲಿನಿಂದ ಹೇಳಿದೆ. ಈ ಸಲ ವಿಷದ ಮಾತನ್ನು ಗಟ್ಟಿಯಾಗಿ ಹೇಳಿದೆ, ಮಕ್ಕಳಿಂದಲೂ ಗಟ್ಟಿಯಾಗಿ ಹೇಳಿಸಿದೆ. ಆಮೇಲೆ ತೆಂಗಿನ ಗೆರಟೆಗಳಲ್ಲಿ ಮಣ್ಣು ತುಂಬಿ ಬೆಳ್ಳುಳ್ಳಿಯ ಎಸಳುಗಳನ್ನು ಊರಿದೆವು.

ಕೆಲವು ದಿನಗಳಲ್ಲಿ ಹಸಿರು ಮೊಳಕೆ ಬಂತು. ಅರ್ಚಕರ ಮಗಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದಳು. ಒಂದು ಎಲೆಯ ತುದಿಯನ್ನು ಜಜ್ಜಿ ಅವಳ ಮೂಗಿನ ಹತ್ತಿರ ಹಿಡಿದೆ. ಮೂಗು ಮುರಿದಳು, ಮತ್ತೆ ಮೂಸಿದಳು.

"ಇದನ್ನ್ ತಿಂದ್ರೆ ಎಂತದೂ ಆತಿಲ್ಯಾ ಟೀಚರೆ?"

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಬೆಳ್ಳುಳ್ಳಿ ತಿಂದರೆ ಏನೂ ಆಗುವುದಿಲ್ಲ ಎಂದು ಗೊತ್ತಿಲ್ಲದವರು ಯಾರಿದ್ದಾರೆ? ಆದರೂ ಆ ಗೆರಟೆಯನ್ನು ಕೈಗೆತ್ತಿಕೊಂಡು, ಎಲೆಯನ್ನು ಇನ್ನೊಮ್ಮೆ ಜಜ್ಜಿ ನಾನೇ ಮೂಸಿ ನೋಡಿದೆ. ಆಮೇಲೆ, "ಎಂತದೂ ಆತಿಲ್ಲೆ ಮಗಾ," ಎಂದೆ.